ಬಜೂಕಾ ಹೊತ್ತ ನಿಂತಣ್ಣ

ಯುದ್ಧ ವಸ್ತುಸಂಗ್ರಹಾಲಯದ ಮೂರನೆಯ ಕೋಣೆಯಲ್ಲಿ ಕೂರಲು ಇದ್ದ ಜಾಗ ಒಂದೇ: ಪ್ಲಾಸ್ಟರಿನ ಸಿಪಾಯಿಯ ತೊಡೆ. ಹೆಗಲ ಮೇಲೆ ನಿಜವಾದ ಹಳೆಯ ಬಜೂಕಾ ಕೊಳವೆ ಹೊತ್ತು, ಒಂದು ಮಂಡಿ ನೆಲಕ್ಕೂರಿ, ಎದುರು ಗೋಡೆಯ ಮೇಲಿನ ಟ್ಯಾಂಕಿನ ಚಿತ್ರಕ್ಕೆ ಅವನು ಗುರಿಯಿಟ್ಟು ಕೂತಿದ್ದ. ಆ ಬೆಳಿಗ್ಗೆ ಕೋಣೆಯ ಕಾವಲುಗಾರ, ಅತ್ತಿತ್ತ ಯಾರೂ ಇಲ್ಲದ್ದು ನೋಡಿ, ಆ ತೊಡೆಯ ಮೇಲೆ ಒಂದು ಗಳಿಗೆ ಕುಂಡೆ ಊರಿದ. ಸಿಪಾಯಿಯ ಕಾಲು ಲಟಕ್ಕೆಂದು ಮುರಿಯಿತು.

ಕಾವಲುಗಾರರು ಕೂರಕೂಡದೆಂಬುದು ಅಲ್ಲಿಯ ನಿಯಮ. ವರ್ಷಗಟ್ಟಲೆ ನಿಂತೂ ನಿಂತೂ ಅವನಿಗೆ ನಿಂತಣ್ಣ ಎಂದೇ ಹೆಸರು ಬಿದ್ದಿತ್ತು. ಟಿಕೆಟ್ ಕೌಂಟರಿನವನು ಆ ತಿಂಗಳು ನಿವೃತ್ತನಾಗಿದ್ದ. ಆ ಕುರ್ಚಿ ತನಗೆ ಕೊಡಿರೆಂದು ನಿಂತಣ್ಣ ಅರ್ಜಿ ಹಾಕಿದ್ದ. ಒಪ್ಪಿಗೆ ಕೊಡಬೇಕಾದ ದೊಡ್ಡ ಸಾಹೇಬರು ತಪಾಸಣೆಗೆ ಬರುವುದೂ ಅವತ್ತೇ.

ಸದ್ದು ಕೇಳಿ ಮೊದಲು ಬಂದವಳು ಪೊರಕೆ ಹಿಡಿದ ಚಿಕ್ಕಮ್ಮ, ಕಸ ಗುಡಿಸುವ ಅವಳು ಎಲ್ಲರಿಗೂ ಚಿಕ್ಕಮ್ಮನೇ. ಹಿಂದೆಯೇ ಗೈಡಮ್ಮ, ಅವಳ ಹಿಂದೆ ಏದುಸಿರು ಬಿಡುತ್ತ ಮ್ಯಾನೇಜರು.

“ಆಯ್ತಲ್ಲ. ಟ್ಯಾಂಕಿನ ಕೈಲಾಗದ ಕೆಲಸ ನೀನು ಮಾಡ್ದೆ,” ಎಂದಳು ಚಿಕ್ಕಮ್ಮ.

“ಸಾಹೇಬರ ಕಾರು ಗೇಟ್ ಹತ್ರ ಇದೆ,” ಎಂದರು ಮ್ಯಾನೇಜರು. “ಕೂತು ಮುರಿದೆ ಅಂತ ಗೊತ್ತಾದ್ರೆ ಕುರ್ಚಿ ಹಾಗಿರ್ಲಿ, ನೌಕರಿನೂ ಇರಲ್ಲ ನಿಂಗೆ.”

ಗೈಡಮ್ಮ ಸಿಪಾಯಿಯನ್ನು ನೋಡಿದಳು, ನಿಂತಣ್ಣನನ್ನು ನೋಡಿದಳು. “ಅಳತೆ ಸರಿ ಹೋಗುತ್ತೆ,” ಎಂದಳು.

“ಯಾವುದರದ್ದಮ್ಮಾ?” ಎಂದ ನಿಂತಣ್ಣ.

“ಬಟ್ಟೇದು.”

ಬೇಡ ಎನ್ನುವುದರೊಳಗೆ ಸಿಪಾಯಿ ಬೆತ್ತಲೆಯಾಗಿ ಪರದೆಯ ಹಿಂದೆ ಸೇರಿದ್ದ; ನಿಂತಣ್ಣ ಅವನ ಸಮವಸ್ತ್ರದೊಳಗೆ ಸೇರಿದ್ದ. ಗೈಡಮ್ಮ ತನ್ನ ಪೌಡರನ್ನೆಲ್ಲ ಅವನ ಮುಖಕ್ಕೆ ಬಳಿದಳು. ಶಿರಸ್ತ್ರಾಣ ಬೋರಲು ಹಾಕಿದ ಪಾತ್ರೆಯಂತೆ ಹುಬ್ಬಿನವರೆಗೆ ಇಳಿಯಿತು. ಬಜೂಕಾ ಹೆಗಲೇರಿದಾಗ ಮಂಡಿ ಒಣ ಕಟ್ಟಿಗೆಯಂತೆ ಲಟಲಟ ಎಂದಿತು.

ಸಾಹೇಬರು ಒಳಗೆ ಬಂದರು. ಗೈಡಮ್ಮ ಶುರುಮಾಡಿದಳು.

“ಮೊದಲ ಮಹಾಯುದ್ಧದಲ್ಲಿ ಟ್ಯಾಂಕು ಬಂದಾಗ ಕಾಲಾಳಿನ ಹತ್ರ ಅದಕ್ಕೆ ಉತ್ತರ ಇರ್ಲಿಲ್ಲ ಸರ್. ದೊಡ್ಡ ಬಂದೂಕು ಮಾಡಿದ್ರು, ಹಾರಿಸಿದವನ ಭುಜಾನೇ ನುಗ್ಗಾಗ್ತಿತ್ತು. ಎರಡನೇ ಯುದ್ಧದಲ್ಲಿ ಈ ಕೊಳವೆ ಬಂತು. ರಾಕೆಟ್ ಮುಂದಿಂದ ಹೋಗುತ್ತೆ, ಬೆಂಕಿ ಹಿಂದಿಂದ ಹೋಗುತ್ತೆ. ಭುಜಕ್ಕೆ ಏಟೇ ಇಲ್ಲ.”

“ಹಿಂದೆ ನಿಂತವನ ಗತಿ?”

“ಅವನನ್ನ ಯಾರು ಕೇಳ್ತಾರೆ ಸರ್.”

“ಬಜೂಕಾ ಅಂತ ಯಾಕೆ ಹೆಸರು?”

“ಒಬ್ಬ ಹಾಸ್ಯಗಾರ ಬಜೂಕಾ ಅನ್ನೋ ಒಂದು ತಮಾಷೆ ವಾದ್ಯ ಊದ್ತಿದ್ದ. ನೋಡೋಕೆ ಅದರ ಥರಾನೇ ಇದೆ ಅಂತ ಆ ಹೆಸರು ಬಿತ್ತು.”

ಈ ಭಾಷಣ ದಿನವೂ ಹಲ್ಲುಜ್ಜುವಷ್ಟು ಹೊತ್ತಿನಲ್ಲಿ ಮುಗಿಯುವುದು ನಿಂತಣ್ಣನಿಗೆ ಗೊತ್ತಿತ್ತು. ಇವತ್ತು ಸಾಹೇಬರು ತಲೆದೂಗಿದಷ್ಟೂ ಗೈಡಮ್ಮ ಎಳೆದಳು. ಜರ್ಮನರದ್ದಾಯಿತು, ರಷ್ಯನ್ನರದ್ದಾಯಿತು. “ಬರ್ತಾ ಬರ್ತಾ ಹಗುರ ಆಯ್ತು ಸರ್, ಒಂದು ಸಲ ಹಾರಿಸಿ ಎಸೆಯೋ ಥರದ್ದೂ ಬಂತು.” ತನ್ನ ಮೇಲಿರುವುದು ಎಸೆಯುವ ಥರದ್ದಲ್ಲವೆಂದು ನಿಂತಣ್ಣನ ಹೆಗಲಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಸಾಹೇಬರು ಪೆನ್ನಿನಿಂದ ಅವನ ಕೆನ್ನೆ ಚುಚ್ಚಿದರು. “ಮೆತ್ತಗಿದೆ.”

“ರಬ್ಬರ್ ಸರ್,” ಎಂದರು ಮ್ಯಾನೇಜರು.

“ನೀರು ಜಿನುಗ್ತಿದೆ.”

“ಛಾವಣಿ ಸೋರುತ್ತೆ ಸರ್. ಹಿಂದೆನೇ ನಿಮಗೆ ತಿಳಿಸಿದ್ದೆ.”

ಸಾಹೇಬರು ಬಾಗಿ ಅವನ ಮುಖವನ್ನೇ ದಿಟ್ಟಿಸಿದರು. “ಎಂಥಾ ದಣಿವು ತಂದಿದಾನ್ರೀ ಆ ಕಲಾವಿದ. ಯುದ್ಧ ಅಂದ್ರೆ ಏನು ಅಂತ ಈ ಕಣ್ಣು ನೋಡಿದ್ರೆ ಸಾಕು.” ಆಮೇಲೆ ನೆಟ್ಟಗಾಗಿ ಕೇಳಿದರು: “ಅಂದಹಾಗೆ, ಈ ಕೋಣೆ ಕಾವಲುಗಾರ ಎಲ್ಲಿ? ಕುರ್ಚಿ ಕೇಳಿದಾನಲ್ಲ. ಒಂದ್ಸಲ ಮುಖ ನೋಡಿ ಸಹಿ ಹಾಕಿಬಿಡ್ತೀನಿ.”

ನಿಂತಣ್ಣನ ನಾಲಿಗೆ ಹಲ್ಲಿನವರೆಗೆ ಬಂತು. ಬಾಯಿ ಬಿಟ್ಟರೆ ನೌಕರಿ ಇಲ್ಲ, ಬಿಡದಿದ್ದರೆ ಕುರ್ಚಿ ಇಲ್ಲ. ನಾಲಿಗೆಯನ್ನು ಹಾಗೇ ಒಳಗೆಳೆದುಕೊಂಡ.

“ಕೆಲಸದ ಹೊತ್ತಲ್ಲಿ ನಾಪತ್ತೆ,” ಎಂದರು ಸಾಹೇಬರು. “ಅವನ ಅರ್ಜಿ ತಿರಸ್ಕರಿಸಿ. ಕೌಂಟರಿಗೆ ಟಿಕೆಟ್ ಮಿಷನ್ ಕಳಿಸ್ತೀನಿ. ಕುರ್ಚಿ ಮೇಲೆ ಇಂಥದ್ದೇ ಒಂದು ಗೊಂಬೆ ಕೂರಿಸಿ, ಯಾರೋ ನೋಡ್ತಿದಾರೆ ಅನ್ನೋ ಭಯಕ್ಕೆ ಜನ ಟಿಕೆಟ್ ತಗೋತಾರೆ. ಇವನನ್ನ ಮಾತ್ರ ಇಲ್ಲಿಂದ ಕದಲಿಸಬೇಡಿ. ನಾಳೆಯಿಂದ ಗಣ್ಯರನ್ನೆಲ್ಲ ಕರ್ಕೊಂಡು ಬಂದು ತೋರಿಸ್ತೀನಿ.”

ಕಾರು ಹೋದ ಸದ್ದಾಯಿತು. ನಿಂತಣ್ಣ ಬಜೂಕಾ ಸಮೇತ ಪಕ್ಕಕ್ಕೆ ಉರುಳಿದ. ಉರುಳಿದಲ್ಲೇ ಅವನಿಗೊಂದು ಉಪಾಯ ಹೊಳೆಯಿತು.

“ಸರ್, ಕುರ್ಚಿ ಗೊಂಬೆ ನಾನೇ ಆಗ್ತೀನಿ. ಅಲ್ಲಾಡಲ್ಲ. ಉಸಿರೂ ಮೆಲ್ಲಗೆ ಬಿಡ್ತೀನಿ.”

ಮ್ಯಾನೇಜರು ಪರದೆ ಸರಿಸಿ ಒಳಗೆ ಬಿದ್ದಿದ್ದ ಸಿಪಾಯಿಯನ್ನು ನೋಡಿದರು. ಅವರ ದನಿಯಲ್ಲಿ ನಿಜವಾದ ಕನಿಕರವೇ ಇತ್ತು. “ಯೋಚನೆ ಮಾಡಪ್ಪಾ. ಕಾಲು ಮುರಿದೋನಿಗೆ ಮಂಡಿ ಊರೋಕಾಗುತ್ತಾ? ಅವನೀಗ ಕೂರೋಕಷ್ಟೇ ಲಾಯಕ್ಕು. ನಿನ್ನ ಸಂಬಳಕ್ಕೇನೂ ತೊಂದರೆ ಇಲ್ಲ. ಬೆಳಿಗ್ಗೆ ಸ್ವಲ್ಪ ಬೇಗ ಬಾ, ಪೌಡರ್ ಹಚ್ಚಬೇಕು.”

ಸಂಜೆ ನಿಂತಣ್ಣ ಕುಂಟುತ್ತ ಕೌಂಟರಿನ ಮುಂದೆ ಹಾದ. ಸಿಪಾಯಿ ಮೆತ್ತನೆಯ ಕುರ್ಚಿಗೊರಗಿ, ನಿವೃತ್ತನಾದವನು ಬಿಟ್ಟುಹೋದ ಕೋಟು ತೊಟ್ಟು, ಸಾವಕಾಶವಾಗಿ ಕೂತಿದ್ದ. ಚಿಕ್ಕಮ್ಮ ಅವನ ಬೆನ್ನಿಗೊಂದು ದಿಂಬು ಇಡುತ್ತಿದ್ದಳು.

“ಪಾಪ,” ಎಂದಳು ನಿಂತಣ್ಣನತ್ತ ತಿರುಗಿ, “ಎಷ್ಟು ವರ್ಷದಿಂದ ಮಂಡಿಯೂರಿತ್ತೋ ಏನೋ ಜೀವ.”