ಕಾಕಾನ ಸ್ಟೇಟಸ್

ನಾನು ಶಾಲೆ ಬಿಟ್ಟದ್ದು 1994ರಲ್ಲಿ, ಏಳನೇ ಇಯತ್ತೆಗೆ. ಅಂದಿನಿಂದ ಏಕಸಂಬಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ, ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದೇನೆ. ಆದರೆ ನಮ್ಮಪ್ಪನ ತಮ್ಮ, ಕಾಕಾನ ಕೈಯಲ್ಲಿ ಮೊಬೈಲು ಕಂಡರೆ ಮಾತ್ರ ಎರಡೂ ಕೈ ಜೋಡಿಸಿಬಿಡುತ್ತೇನೆ!

ಅಥಣಿಯಿಂದ ನಿಪ್ಪಾಣಿಯವರೆಗಿನ ನಮ್ಮ ನೆಂಟರೆಲ್ಲ ಬೆಳಗಿನ ಚಹಾಕ್ಕಿಂತ ಮೊದಲು ಕಾಕಾನ ಸ್ಟೇಟಸ್ ನೋಡುತ್ತಾರೆ. ಯಾರ ಎಮ್ಮೆ ಕರು ಹಾಕಿತು, ಯಾರ ಸೊಸೆ ಸಿಟ್ಟಾಗಿ ತವರಿಗೆ ಹೋದಳು, ಎಲ್ಲ ಅಲ್ಲಿರುತ್ತದೆ. ಎಮ್ಮೆಯನ್ನೂ ಕೇಳುವುದಿಲ್ಲ, ಸೊಸೆಯನ್ನೂ ಕೇಳುವುದಿಲ್ಲ!

ಒಮ್ಮೆ ಪಕ್ಕದ ಮನೆಯ ಹಿರಿಯರು ತಮ್ಮ ಕಟ್ಟಿಸಿಕೊಂಡ ಹಲ್ಲು ತೊಳೆದು ಕಟ್ಟೆಯ ಮೇಲೆ ಇಟ್ಟಿದ್ದರು. ಫೋಟೋ ಕಾಕಾನ ಸ್ಟೇಟಸ್ಸಿಗೆ ಏರಿಯೇಬಿಟ್ಟಿತು. ಅವರು ಬರಿಬಾಯಲ್ಲೇ ಓಡಿಬಂದರು.

“ಏನಲೇ, ನನ್ನ ಹಲ್ಲ ಊರಿಗೆಲ್ಲಾ ತೋರಿಸ್ತೀ?”

“ನೀವು ನಕ್ಕಾಗ ಊರೆಲ್ಲಾ ನೋಡೂದ ಐತಲ್ರಿ, ಮಾಮಾ!”

ನಾನು ತಲೆಗೆ ಬಣ್ಣ ಹಚ್ಚಿಕೊಳ್ಳುವುದೂ ಹೀಗೆಯೇ ಬಯಲಾಯಿತು. ಜಗಳಕ್ಕೆ ಹೋದೆ.

“ಮಾತಾಡೂದು ನನ್ನ ಹಕ್ಕ ಐತಿ. ಬಾಯಿ ಮುಚ್ಚಸಾಕ ನೀ ಯಾರಲೇ?”

“ಬಾಯಿ ನಿಂದ ಕಾಕಾ. ಆದ್ರ ಆ ತಲಿ ನಂದ!”

ಹೋದ ತಿಂಗಳು ನನ್ನ ಮಗಳನ್ನು ನೋಡಲು ಅಥಣಿ ಕಡೆಯವರು ಬಂದರು. ಒಪ್ಪಿಗೆಯಾದರೆ ಅಲ್ಲೇ ಸಕ್ಕರೆ ಹಂಚುವುದು ನಮ್ಮ ರೂಢಿ. ಅದನ್ನು ಹಿಡಿಯಲೆಂದು ಕಾಕಾ ಮೊದಲಿನಿಂದಲೇ ವಿಡಿಯೋ ಹಚ್ಚಿ ನಿಂತಿದ್ದ.

“ಹೆಸರೇನವಾ?” ಎಂದರು ಅವರ ಹಿರಿಯರು.

ಗಾಬರಿಯಾದರೆ ನನ್ನ ಮಗಳಿಗೆ ಮಾತು ತೊದಲುತ್ತದೆ. ಹೆಸರಿನ ಮೊದಲ ಅಕ್ಷರದಲ್ಲೇ ಸಿಕ್ಕಿಬಿದ್ದಳು. ವರನ ಅಕ್ಕ ಕಿಸಕ್ಕನೆ ನಕ್ಕಳು. “ಆಮ್ಯಾಲೆ ತಿಳಸ್ತೀವ್ರಿ” ಎಂದು ಎಲ್ಲರೂ ಎದ್ದು ಹೋದರು. ಸಕ್ಕರೆ ಡಬ್ಬಿಯಲ್ಲೇ ಉಳಿಯಿತು.

ಆಗ ನೆನಪಾಯಿತು, ಕಾಕಾನ ವಿಡಿಯೋ! ಅದು ಸ್ಟೇಟಸ್ಸಿಗೆ ಏರಿದರೆ ಮಗಳು ಮತ್ತೆ ಓಣಿಯಲ್ಲಿ ಬಾಯಿ ತೆರೆಯುವುದುಂಟೆ? ಕಾಕಾನನ್ನು ಹುಡುಕುತ್ತ ಅಡಿಗೆಮನೆಗೆ ಓಡಿದೆ.

ಅಲ್ಲಿ ಕಾಕಾ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮೊಬೈಲು ಚಾಚಿದ್ದ.

“ತಗೋ ನನ್ನವ್ವಾ, ಇದನ್ನ ನೀನ ಡಿಲೀಟ್ ಮಾಡು. ನನಗ ಹಾಕೂದಷ್ಟ ಬರತೈತಿ, ತೆಗಿಯೂದು ಕಲತಿಲ್ಲ.”

ಮಗಳು ಕಣ್ಣೊರೆಸಿಕೊಂಡಳು. “ಕ... ಕಲಸ್ತೀನಿ ಬಾ, ಮುತ್ಯಾ” ಎಂದು ನಕ್ಕಳು.

ನನ್ನ ಹತ್ತಿರ ಈಗ ಇರುವುದು ಇಷ್ಟು: ಒಂದು ಗಿರಣಿ, ಎರಡು ಎಮ್ಮೆ, ಒಬ್ಬಳು ಮಗಳು, ಒಬ್ಬ ಕಾಕಾ.