ಕಾಗದದ ಆನೆಯೂ ಸಂಕ್ರಾಂತಿಯ ಎಳ್ಳೂ

ನನಗೆ ಕಲೆ ಒಲಿದಿದೆ ಎಂಬ ವಿಷಯದಲ್ಲಿ ನನಗೆ ಯಾವತ್ತೂ ಅನುಮಾನ ಬಂದದ್ದಿಲ್ಲ. ಅನುಮಾನವೇನಿದ್ದರೂ ಉಳಿದವರಿಗೆ. ಒಬ್ಬ ಮನುಷ್ಯ ತನ್ನ ಬಗ್ಗೆ ತಾನೇ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳದಿದ್ದರೆ ಬೇರೆಯವರು ಯಾಕೆ ಇಟ್ಟುಕೊಂಡಾರು? ಈ ಧೈರ್ಯದ ಮೇಲೆಯೇ ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಬಹಳ ವರ್ಷ ಕಳೆದೆ. ಹುಡುಗರು ಮಾವಿನಹಣ್ಣು ಬರೆದರೆ ಅದು ಬದನೆಕಾಯಿಯ ಹಾಗೆ ಕಾಣುತ್ತಿತ್ತು. ನಾನು ತಿದ್ದಿಕೊಟ್ಟ ಮೇಲೆ ಕುಂಬಳಕಾಯಿಯ ಹಾಗೆ ಕಾಣುತ್ತಿತ್ತು. ಪ್ರಗತಿ ಎಂದರೆ ಇನ್ನೇನು?

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬೇಸಿಗೆ ರಜೆಯಲ್ಲಿ ಮೈಸೂರಿನಲ್ಲಿ ನಡೆದ ಒಂದು ತರಬೇತಿ ಶಿಬಿರಕ್ಕೆ ಹೋಗಿ, ಹಳೆಯ ಕಾಗದವನ್ನು ನೆನೆಹಾಕಿ, ರುಬ್ಬಿ, ಅಚ್ಚಿಗೆ ಒತ್ತಿ ಸಣ್ಣ ಸಣ್ಣ ಶಿಲ್ಪ ಮಾಡುವುದನ್ನು ಕಲಿತು ಬಂದೆ. ಕಲ್ಲು ಬೇಡ, ಉಳಿ ಬೇಡ, ಕೈಗೆ ಗಾಯವಿಲ್ಲ. ಇಂಥ ಶಿಲ್ಪಕಲೆ ನನಗಾಗಿಯೇ ಹುಟ್ಟಿದ್ದು ಎನ್ನಿಸಿತು. ಶಾಲೆಯಲ್ಲಿ ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳಿಗೆ ಬರವಿರಲಿಲ್ಲ. ಬೆಳ್ಳಗಾಗಲು ಸೀಮೆಸುಣ್ಣದ ಪುಡಿ ಇತ್ತು. ಅಂಟಿಗೆ ನೆನೆಸಿದ ಮೆಂತ್ಯ ಸಾಕು. ನಮ್ಮ ಕಡೆ ಹೊಸ ಮೊರಕ್ಕೆ ಕಾಗದ ಬಳಿಯುವಾಗ ಹೆಂಗಸರು ಮೆಂತ್ಯವನ್ನೇ ಹಾಕುತ್ತಾರೆ. ಇನ್ನು ಬೇಕಾಗಿದ್ದದ್ದು ರುಬ್ಬಲು ಒಂದು ಒರಳು, ಒತ್ತಲು ಒಂದಷ್ಟು ಮರದ ಅಚ್ಚು. ಎರಡೂ ನಮ್ಮ ಮನೆಯಲ್ಲೇ ಇದ್ದವು. ತೊಂದರೆಯೆಂದರೆ ಎರಡೂ ನನ್ನ ಹೆಂಡತಿ ಗಿರಿಜೆಯವು.

ಒರಳಿಗೆ ನಾನು ಮೊದಲನೆಯ ಸಲ ಕಾಗದ ಸುರಿದಾಗ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ರೀ, ನಾಳೆ ಇದ್ರಲ್ಲಿ ಚಟ್ನಿ ರುಬ್ಬಬೇಕು ಕಣ್ರೀ. ನಿಮ್ಮ ಹುಡುಗ್ರು ಪರೀಕ್ಷೇಲಿ ಬರ್ದಿರೋ ತಪ್ಪೆಲ್ಲ ನಮ್ಮ ಹೊಟ್ಟೆಗೆ ಹೋಗೋದು ಬ್ಯಾಡ" ಎಂದಳು. ನಾನು ಒರಳನ್ನು ನಾಲ್ಕಾರು ನೀರಿನಲ್ಲಿ ತೊಳೆದುಕೊಟ್ಟೆ. ಆದರೂ ಆ ವಾರ ಚಟ್ನಿ ತಿನ್ನುವಾಗಲೆಲ್ಲ ನಾಲಿಗೆಗೆ ಏನೋ ಸಿಕ್ಕಿದಂತಾಗಿ, ಇದು ಚರಿತ್ರೆಯೋ ಭೂಗೋಳವೋ ಎಂದು ಅವಳು ಕೇಳುತ್ತಿದ್ದಳು.

ಮರದ ಅಚ್ಚುಗಳ ವಿಷಯ ಇನ್ನೂ ಸೂಕ್ಷ್ಮ. ಅವು ಸಂಕ್ರಾಂತಿಗೆ ಸಕ್ಕರೆ ಪಾಕ ಹುಯ್ದು ಗೊಂಬೆ ತೆಗೆಯುವ ಅಚ್ಚುಗಳು. ಆನೆ, ಗಿಳಿ, ಕಳಶ, ಬೃಂದಾವನ, ಎಲ್ಲವೂ ಅವಳ ತವರಿನಿಂದ ಬಂದವು. ಆ ಸೀಮೆಯಲ್ಲಿ ಅಷ್ಟು ನಾಜೂಕಿನ ಕೆತ್ತನೆ ಇನ್ನೊಬ್ಬರ ಮನೆಯಲ್ಲಿರಲಿಲ್ಲ. ಕೇಳಿದ ಕೂಡಲೇ ಅವಳು ಆಗುವುದಿಲ್ಲ ಎಂದಳು. ನಾನು ಕಲೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಅದು ಮುಗಿಯುವವರೆಗೆ ಅವಳು ಅವರೆಕಾಯಿ ಸುಲಿದು, ಕೊನೆಗೆ ಒಂದು ಕರಾರು ಹಾಕಿದಳು. "ಈ ವರ್ಷ ಮಾಡ್ಕಳಿ. ನಾನು ಸಕ್ಕರೆ ಹುಯ್ಯೋ ಹೊತ್ತಿಗೆ ವಾಪಸ್ ಕೊಡಿ. ಈ ಹಬ್ಬ ಬಿಟ್ಟು ಮುಂದಿನ ಸಂಕ್ರಾಂತಿಯೊಳಗೆ ಈ ಸೀಮೇಲಿ ಒಬ್ರ ಮನೇಲಾದ್ರೂ ನಿಮ್ಮ ಕಾಗದದ ಗೊಂಬೇನ ಕಾಣೋ ಹಂಗೆ ಇಟ್ಕಂಡಿರೋದು ತೋರ್ಸಿ. ಆಗ ಒರಳು, ಅಚ್ಚು ಎರಡೂ ನಿಮ್ಮವೇ ಅಂತೀನಿ. ಇಲ್ಲ ಅಂದ್ರೆ ಎರಡನ್ನೂ ಮುಟ್ಟಂಗಿಲ್ಲ." ಒಂದು ಮನೆಯೇನು, ಊರೂರೇ ತೋರಿಸುತ್ತೇನೆ ಎಂದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ನನಗೆ ಗೊತ್ತಿತ್ತು. ಅದು ನನ್ನಂಥವರಿಗಲ್ಲ ಎಂದುಕೊಂಡಿದ್ದೆ.

ಕೆಲಸ ಮಾತ್ರ ಚೆನ್ನಾಗಿಯೇ ಆಯಿತು, ಹೇಳಿಕೊಳ್ಳುವುದಕ್ಕೆ ಸಂಕೋಚವೇನು? ಮರದ ಅಚ್ಚಿಗೆ ಎಣ್ಣೆ ಸವರಿ, ಹಿಂಡಿದ ಕಾಗದದ ಮುದ್ದೆಯನ್ನು ಹೆಬ್ಬೆರಳಿನಿಂದ ಮೂಲೆಮೂಲೆಗೂ ಒತ್ತಿ, ಬಿಸಿಲಿಗಿಟ್ಟು ಬಿಡಿಸಿದರೆ ಹಾಲುಬಿಳುಪಿನ ಆನೆ ಅಂಬಾರಿಯ ಗೆಜ್ಜೆ ಸಮೇತ ಹೊರಗೆ ಬರುತ್ತಿತ್ತು. ಅಲ್ಲಿಗೇ ನಿಲ್ಲಿಸಿದರೆ ನಾನು ಕಲಾವಿದನಾಗುವುದು ಹೇಗೆ? ಆನೆಯ ಬೆನ್ನ ಮೇಲೆ ಗಿಳಿ ಅಂಟಿಸಿದೆ. ಗಿಳಿಯ ತಲೆಯ ಮೇಲೆ ಕಳಶ ಕೂರಿಸಿದೆ. ಅದಕ್ಕೆ 'ಏಕಾಂತ' ಎಂದು ಹೆಸರಿಟ್ಟೆ. "ಮೂರು ಜನ ಒಬ್ರ ಮೇಲೊಬ್ರು ಕೂತವ್ರೆ, ಏಕಾಂತ ಎಲ್ಲಿ ಬಂತು?" ಎಂದು ಗಿರಿಜೆ ಕೇಳಿದಳು. ಕಲೆಯನ್ನು ವಿವರಿಸಬಾರದು ಎಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು, ಹಾಗಾಗಿ ಬಚಾವಾದೆ.

ಪ್ರದರ್ಶನಕ್ಕೆ ತರೀಕೆರೆಯಲ್ಲಿ ಒಂದು ಸಭಾಂಗಣ ಸಿಕ್ಕಿತು. ಉದ್ಘಾಟನೆಗೆ ಮೈಸೂರಿನಿಂದ ಬರಬೇಕಾಗಿದ್ದ ಅತಿಥಿಗಳಿಗೆ ಬಿಡುವಿದ್ದದ್ದು ಸಂಕ್ರಾಂತಿಯ ದಿನ ಮಾತ್ರ. ಶಿಲ್ಪಗಳನ್ನು ಅಗಲವಾದ ಬುಟ್ಟಿಗಳಲ್ಲಿ ಜೋಡಿಸಿ, ಮೇಲೆ ಪಂಚೆ ಮುಚ್ಚಿ, ಬೆಳಗಿನ ಬಸ್ಸು ಹತ್ತಿದೆ. ಕಂಡಕ್ಟರ್ ಪಂಚೆ ಎತ್ತಿ ನೋಡಿ, "ಏನ್ ಮೇಷ್ಟ್ರೇ, ತರೀಕೆರೆಗೆಲ್ಲ ನೀವೇ ಎಳ್ಳು ಬೀರೋಕೆ ಹೊಂಟ್ರಾ?" ಎಂದ. ನಾನು ನಕ್ಕೆ. ಆ ಮಾತಿನ ಅರ್ಥ ಆಗಲೇ ತಲೆಗೆ ಹೋಗಬೇಕಾಗಿತ್ತು, ಹೋಗಲಿಲ್ಲ.

ಬಾಗಿಲಿನಿಂದ ಒಳಗಿನವರೆಗೆ ಮೇಜು ಹಾಕಿ, ಬಿಳಿ ಬಟ್ಟೆ ಹೊದಿಸಿ, ಶಿಲ್ಪಗಳನ್ನಿಟ್ಟು, 'ಮುಟ್ಟಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು ನಿಲ್ಲಿಸಿದೆ. ಸಭಾಂಗಣದ ಜವಾನ ಬಸಪ್ಪನನ್ನು ಕಾವಲಿಗೆ ಕೂರಿಸಿ, ಅತಿಥಿಗಳನ್ನು ಎದುರುಗೊಳ್ಳಲು ಹಾರ ಹಿಡಿದು ರೈಲ್ವೆ ಸ್ಟೇಷನ್ನಿಗೆ ಹೋದೆ. ರೈಲು ತಡವಾಯಿತು. ಕೊನೆಗೆ ರೈಲು ಬಂತು, ಅತಿಥಿಗಳು ಬರಲಿಲ್ಲ. ಹಾರವನ್ನು ಕೈಯಲ್ಲೇ ಹಿಡಿದುಕೊಂಡು ಮಧ್ಯಾಹ್ನ ಇಳಿಹೊತ್ತಿಗೆ ವಾಪಸು ಬಂದು ನೋಡುತ್ತೇನೆ, ಮೇಜಿನ ಮೇಲೆ ಒಂದೇ ಒಂದು ಶಿಲ್ಪವಿಲ್ಲ. ಅವುಗಳಿದ್ದ ಜಾಗದಲ್ಲೆಲ್ಲ ಎಳ್ಳು ಬೆಲ್ಲದ ಪೊಟ್ಟಣಗಳು, ಕಬ್ಬಿನ ತುಂಡುಗಳು, ಬಾಳೆಹಣ್ಣುಗಳು.

ನಾನು ಹಾರ ಹಿಡಿದೇ ಮೇಜಿನ ಕೆಳಗೆಲ್ಲ ಬಗ್ಗಿ ಹುಡುಕಿದೆ. ಬಸಪ್ಪ ಮಾತ್ರ ಕಬ್ಬು ಸಿಗಿಯುತ್ತಾ ನೆಮ್ಮದಿಯಾಗಿದ್ದ. "ಎಳ್ಳು ಬೀರೋಕೆ ಹೊಂಟಿದ್ದ ಹೆಣ್ಮಕ್ಕಳು ಬಾಗ್ಲಲ್ಲಿ ಅಚ್ಚು ಕಂಡು ಒಳೀಕೆ ಬಂದ್ರು ಮೇಷ್ಟ್ರೇ. ಎಳ್ಳಿಟ್ರು, ಅಚ್ಚು ತಗಂಡ್ರು. ಹಬ್ಬದ ದಿನ ಬ್ಯಾಡ ಅನ್ನೋಕಾಯ್ತದಾ?"

"ಮುಟ್ಟಬಾರದು ಅಂತ ಬರ್ದಿರಲಿಲ್ವೇನೋ?"

"ಮಡಿಗೆ ಬರ್ದವ್ರೆ ಅಂದ್ಕಂಡು, ಎಲ್ಲಾರೂ ಕೈ ತೊಳ್ಕಂಡೇ ತಗಂಡ್ರು."

ಎತ್ತಿದಾಗ ಹಗುರ ಅನ್ನಿಸಲಿಲ್ಲವಂತಾ ಎಂದು ಕೇಳಿದೆ. "ಅನ್ನಿಸ್ತು. ಸಕ್ಕರೆ ತುಟ್ಟಿ ಆಗೈತಲ್ಲ, ಪಾಪ, ಮೇಷ್ಟ್ರು ಒಳಗೆ ಪೊಳ್ಳು ಹುಯ್ದವ್ರೆ ಅಂತ ಮಾತಾಡ್ಕಂಡ್ರು" ಎಂದ.

ಗಿರಿಜೆಗೆ ನಾನು ಸತ್ಯವನ್ನೇ ಹೇಳಿದೆ: ಪ್ರದರ್ಶನ ಭರ್ಜರಿಯಾಯಿತು, ಒಂದೂ ಉಳಿಯಲಿಲ್ಲ. ಬುಟ್ಟಿ ತುಂಬ ಎಳ್ಳು ಕಂಡು ಅವಳಿಗೆ ಅನುಮಾನ ಬಂತು, ಆದರೆ ಕರಾರಿನ ಪ್ರಕಾರ ಮನೆ ತೋರಿಸುವವರೆಗೆ ಕಾಯುವುದೆಂದು ಸುಮ್ಮನಾದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ತರೀಕೆರೆಯಿಂದ ಸುದ್ದಿಗಳು ಬರತೊಡಗಿದವು. ಹಬ್ಬ ಕಳೆದ ಮೇಲೆ ಮಿಕ್ಕ ಸಕ್ಕರೆ ಅಚ್ಚನ್ನು ಕಾಫಿಗೆ ಹಾಕಿ ಮುಗಿಸುವುದು ನಮ್ಮವರ ಪದ್ಧತಿ. ಒಬ್ಬರ ಮನೆಯಲ್ಲಿ ನನ್ನ ಬೃಂದಾವನ ಕಾಫಿ ಪಾತ್ರೆಯಲ್ಲಿ ಉಬ್ಬಿ ಗಂಜಿಯಾಯಿತಂತೆ. ಇನ್ನೊಬ್ಬರ ಮನೆಯಲ್ಲಿ ಗಿಳಿ ಹಾಕಿದ ಹಾಲನ್ನು ಕುಡಿದ ಯಜಮಾನರು, ಇದ್ಯಾಕೆ ಮೆಂತ್ಯದ ವಾಸನೆ ಎಂದು ಹಸುವಿನ ಮೇವನ್ನೇ ಬದಲಾಯಿಸಿದರಂತೆ. ಸಂಕ್ರಾಂತಿಯಲ್ಲಿ ಕೊಟ್ಟದ್ದನ್ನು ಹಿಂದಕ್ಕೆ ಕೊಡುವ ಹಾಗಿಲ್ಲವಾದ್ದರಿಂದ ಯಾರೂ ಜಗಳಕ್ಕೆ ಬರಲಿಲ್ಲ. ಆದರೆ ನನ್ನ ಕಲೆ ಮನೆಮನೆಯಲ್ಲೂ ಕರಗಿಹೋಗುತ್ತಿತ್ತು. ಮುಂದಿನ ಸಂಕ್ರಾಂತಿ ಹತ್ತಿರ ಬಂದ ಹಾಗೆಲ್ಲ ಗಿರಿಜೆ ಒರಳಿನ ಪಕ್ಕದಲ್ಲಿ ನಿಂತು ನನ್ನನ್ನು ನೋಡಿ ನಗುತ್ತಿದ್ದಳು. ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಜೀವಮಾನದಲ್ಲಿ ನನ್ನ ಕೈಗೆ ಹತ್ತಿದ್ದ ವಿದ್ಯೆ ಅದೊಂದೇ.

ಆ ಕಾರ್ತಿಕದಲ್ಲಿ ಅವಳ ದೂರದ ನೆಂಟರ ಮನೆಯ ನಾಮಕರಣಕ್ಕೆಂದು ಲಕ್ಕವಳ್ಳಿಗೆ ಹೋದೆವು. ಮನೆ ಯಜಮಾನರು ಅಣೆಕಟ್ಟಿನಲ್ಲಿ ಓವರ್‌ಸಿಯರ್. ಕ್ವಾರ್ಟರ್ಸಿನ ಮನೆ, ಗಾಜಿನ ಷೋಕೇಸು. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಕಣ್ಣು ಹಾಯಿಸುತ್ತೇನೆ, ಷೋಕೇಸಿನ ನಟ್ಟನಡುವೆ 'ಏಕಾಂತ' ನಿಂತಿದೆ! ಆನೆ, ಗಿಳಿ, ಕಳಶ, ಒಂದೂ ಮುಕ್ಕಾಗಿಲ್ಲ. ಗಿರಿಜೆಯನ್ನು ಮೊಣಕೈಯಿಂದ ತಿವಿದೆ. ಅವಳೂ ನೋಡಿದಳು. ನನಗೆ ಕಣ್ಣಲ್ಲಿ ನೀರು ಬಂತು. ಸುಣ್ಣ ಹೆಚ್ಚಾಗಿ ಬಂದದ್ದು ಎಂದು ಹೇಳಿ ಒರೆಸಿಕೊಂಡೆ.

ಮನೆಯಾಕೆ ನಮ್ಮ ದೃಷ್ಟಿ ಕಂಡು ಹತ್ತಿರ ಬಂದರು. "ಅದಾ? ತರೀಕೆರೆಯಿಂದ ನಮ್ಮಕ್ಕ ತಂದುಕೊಟ್ಟಿದ್ದು. ಸಕ್ಕರೆ ಅಚ್ಚು ಕಣ್ರೀ. ವರ್ಷ ಆಗ್ತಾ ಬಂತು, ಒಂದು ಇರುವೆ ಮುತ್ತಿಲ್ಲ ನೋಡಿ. ಬಂದೋರೆಲ್ಲ ಕೈ ಮುಗೀತಾರೆ."

ನಾನು ಸುಮ್ಮನಿರಬೇಕೆಂದಿದ್ದೆ. ಗಿರಿಜೆ ಸುಮ್ಮನಿರಲಿಲ್ಲ. ಮದುವೆಯಾದಾಗಿನಿಂದ ನಾನು ಕೇಳಬೇಕೆಂದಿದ್ದ ಮಾತು ಅವಳ ಬಾಯಿಂದ ಬಂತು. "ಅದು ಸಕ್ಕರೆಯಲ್ಲ ಕಣ್ರೀ, ಶಿಲ್ಪ. ಕಾಗದದಲ್ಲಿ ನಮ್ಮನೆಯವ್ರೇ ಕೈಯಾರೆ ಮಾಡಿದ್ದು."

ಮನೆಯಾಕೆ ಷೋಕೇಸಿನ ಬಾಗಿಲು ತೆಗೆದರು. ಆನೆಯನ್ನು ತಿರುಗಿಸಿ ನೋಡಿದರು, ಮೂಸಿದರು. "ಕಾಗದವಾ? ಹಂಗಾದ್ರೆ ಇರುವೆ ಯಾಕೆ ಮುತ್ತುತ್ತೆ?" ಎಂದು ಅದನ್ನು ತಾಂಬೂಲದ ಜೊತೆಗೆ ಗಿರಿಜೆಯ ಮಡಿಲಿಗೆ ಹಾಕಿ, ಆ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಹೂದಾನಿ ಇಟ್ಟರು.

ಆನೆಯನ್ನು ಮಡಿಲಲ್ಲಿಟ್ಟುಕೊಂಡೇ ಅವಳು ಬಸ್ಸು ಹತ್ತಿದಳು. ಕರಾರು ಗೆದ್ದೆನೋ ಸೋತೆನೋ ನನಗೇ ತಿಳಿಯದು. ತರೀಕೆರೆ ದಾಟಿದ ಮೇಲೆ, "ಒರಳು, ಅಚ್ಚು ಎರಡೂ ತಗಳ್ಳಿ. ನಾನು ಚಟ್ನಿಗೆ ಬೇರೆ ಒರಳು ತರ್ಸ್ತೀನಿ" ಎಂದಳು. ಮನೆಗೆ ಬಂದವಳೇ ಆನೆಯನ್ನು ಹಜಾರದ ರೇಡಿಯೋದ ಮೇಲೆ ಇಟ್ಟಳು. ಬಂದವರು ಅದೇನು ಎಂದು ಕೇಳಿದರೆ, "ಸಕ್ಕರೆ ಅಚ್ಚು ಕಣ್ರೀ, ಇವತ್ತಿಗೂ ಇರುವೆ ಮುಟ್ಟಿಲ್ಲ" ಎನ್ನುತ್ತಾಳೆ. ಅವರು ಬೆರಗಾಗಿ ಹತ್ತಿರ ಹೋಗಿ ಬಹಳ ಹೊತ್ತು ನೋಡುತ್ತಾರೆ. ಕಲಾವಿದನಾದವನು ಇದಕ್ಕಿಂತ ಹೆಚ್ಚಿನದನ್ನು ಕೇಳಬಾರದು. ನಾನು ಪಕ್ಕದಲ್ಲೇ ಕುಳಿತು, ಹಾಳು ಇರುವೆಗಳಿಗೆ ಸಲ್ಲುತ್ತಿರುವ ಮೆಚ್ಚುಗೆಯನ್ನು ತಲೆ ತಗ್ಗಿಸಿ ಸ್ವೀಕರಿಸುತ್ತೇನೆ.