ನೋವಿಗೆ ನನ್ನ ಬಾಯಿಮಾತಿನ ಮದ್ದು

ಬಾದಾಮಿ ಬನಶಂಕರಿ ಆಣೆ, ಮುಂದೆ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಇಳಕಲ್ಲಿನ ಡಾಕ್ಟರೊಬ್ಬರ ದವಾಖಾನಿಯಲ್ಲಿ ಕಂಪೌಂಡರ್ ಇದ್ದೆ. ಔಷಧಿ ಅವರದು, ಗುಣ ಮಾಡುತ್ತಿದ್ದದ್ದು ನನ್ನ ನಾಲಿಗೆ. ಇಂಥವು ವಾರಕ್ಕೊಂದಾದರೂ ನಡೆದೇ ನಡೆಯುತ್ತಿದ್ದವು.

೧. ಪೈಲ್ವಾನನ ಸೂಜಿ

ಹುನಗುಂದದ ಪೈಲ್ವಾನನೊಬ್ಬ ಮೈಕೈ ನೋವೆಂದು ಬಂದ. ಅವನ ತೋಳು ನನ್ನ ತೊಡೆಯಷ್ಟಿತ್ತು. ಸೂಜಿ ಕಂಡದ್ದೇ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ. ನಾನು ಸ್ಪಿರಿಟ್ ಹಚ್ಚಿದ ಅರಳೆಯಿಂದ ತೋಳು ಒರೆಸಿದೆ, ಅಷ್ಟೇ. "ಯವ್ವಾ, ಸತ್ತೆ!" ಎಂದು ಚೀರಿ, ತೋಳು ತಿಕ್ಕಿಕೊಳ್ಳುತ್ತ ಬಾಗಿಲು ದಾಟಿಯೇ ಬಿಟ್ಟ. ತುಂಬಿದ ಸೂಜಿ ನನ್ನ ಕೈಯಲ್ಲೇ ಉಳಿಯಿತು.

ಮರುದಿನ ತಮ್ಮನನ್ನೂ ಕರೆತಂದ. "ನಿನ್ನಿ ಮಾಡಿದ್ರಲ್ಲ, ಅದ ಸೂಜಿ ಇವಗೂ ಮಾಡ್ರಿ. ಮಾಡುಮುಂದ ಜೀವಾ ಹೋಗತೈತಿ, ಆದ್ರ ನೋವು ಮತ್ತ ಹೊಳ್ಳಿ ನೋಡೂದಿಲ್ಲ!"

೨. ಗಡಿಯಾರ

ಬಾದಾಮಿಯಲ್ಲಿ ಜಾದೂಗಾರನೊಬ್ಬ ಗಡಿಯಾರ ತೂಗಿ ಜನರನ್ನು ಮಲಗಿಸುವುದನ್ನು ನೋಡಿದೆ. ಒಂದೇ ನೋಟಕ್ಕೆ ಸಮ್ಮೋಹನ ವಿದ್ಯೆ ನನಗೆ ಪೂರಾ ಬಂತು. ಹಲ್ಲುನೋವಿನ ಮಾಸ್ತರರೊಬ್ಬರ ಮುಂದೆ ಡಾಕ್ಟರರ ಗಡಿಯಾರ ತೂಗುತ್ತ, "ಕಣ್ಣು ಭಾರ ಆಗಾಕತ್ತಾವ... ನೋವು ದೂರ ಹೊಂಟೈತಿ..." ಎಂದೆ. ಗೊರಕೆ ಕೇಳಿಸಿತು. ನಾ ಮೀಸೆ ತಿರುವಿದೆ.

ಮಾಸ್ತರರು ಪಿಸುಗುಟ್ಟಿದರು: "ನನ್ನ ಹಲ್ಲಿಗೆ ಇನ್ನೂ ಎಚ್ಚರ ಐತ್ರಿ. ಮಲಗಿದವ್ರು ಡಾಕ್ಟರು!"

೩. ಕೊಂಡಿ

ನೇಕಾರರ ಹೆಣ್ಣುಮಗಳೊಬ್ಬಳು ಬಲಗೈ ಹೆಬ್ಬೆರಳಿನ ತುಂಬ ಕೀವು ತುಂಬಿಕೊಂಡು ಬಂದಳು. "ಇವತ್ತ ಕೊರೀದಿದ್ರ ಬೆರಳು ಉಳಿಯೂದಿಲ್ಲವಾ" ಎಂದರು ಡಾಕ್ಟರು. ಮರಗಟ್ಟಿಸುವ ಮದ್ದು ಬಾಗಲಕೋಟೆಯಿಂದ ಇನ್ನೂ ಬಂದಿರಲಿಲ್ಲ. ಆಕೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಮಗಳ ಮದವಿ ಸೀರಿ ಮಗ್ಗದ ಮ್ಯಾಲೈತ್ರಿ. ಕೊಂಡಿ ಹಾಕೂದು ಉಳದೈತಿ. ಈ ಬೆರಳು ಹೋದ್ರ..."

ನಮ್ಮ ಇಳಕಲ್ ಸೀರೆಯ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದೇ ಎಳೆಗೆ ಕುಣಿಕೆ ಹಾಕಿ ಎರಡನ್ನೂ ಕೂಡಿಸಬೇಕು. ಅದೇ ಕೊಂಡಿ.

ನಾನು ಆಕೆಯ ಎಡಗೈ ಹಿಡಿದು ಬಂಡೆಯಂತೆ ನಿಂತೆ. "ಯಕ್ಕಾ, ಕಣ್ಣು ಮುಚ್ಚು. ಮಗ್ಗದ ಮುಂದ ಕುಂತೀದಿ. ಕೆಂಪು ಎಳಿ ತಗೋ, ಕೊಂಡಿ ಹಾಕು. ಇನ್ನೊಂದು ತಗೋ..." ಆಕೆಯ ತುಟಿ ಅಲುಗತೊಡಗಿತು, ಹಣೆಯ ಗಂಟು ಸಡಿಲಾಯಿತು. ಡಾಕ್ಟರು ಕೊರೆದರು, ಕೀವು ತೆಗೆದರು, ಪಟ್ಟಿ ಕಟ್ಟಿದರು. ಆಕೆ ಹಾಂ ಹೂಂ ಅನ್ನಲಿಲ್ಲ.

"ಆತವಾ, ಮುಗೀತು," ಎಂದರು ಡಾಕ್ಟರು.

"ತಡೀರಿ!" ಆಕೆ ಸಿಡುಕಿದಳು. "ಇನ್ನ ನಾಕ ಎಳಿ ಉಳದಾವ, ನಡುವ ಮಾತಾಡಿಸಬ್ಯಾಡ್ರಿ!"

"ನೋವು ಮಿದುಳಿನ ತನಕಾ ಹೋಗಿತ್ತು," ಡಾಕ್ಟರು ನಕ್ಕರು, "ಅಲ್ಲಿ ಕೊಂಡಿ ಹಾಕೂ ಗದ್ದಲದಾಗ ಯಾರೂ ಬಾಗಿಲಾ ತಗೀಲಿಲ್ಲ."

ಬೆರಳು ಉಳಿಯಿತು. ಮದುವೆಯಲ್ಲಿ ಮಗಳ ಮೇಲೆ ಅಕ್ಕಿಕಾಳು ಬಿದ್ದದ್ದು ಅದೇ ಸೀರೆಯಲ್ಲಿ.

ಎಲ್ಲಾ ಖರೆ. ಒಂದೇ ಒಂದು ಸಣ್ಣ ಮಾತು ನಾ ಸೇರಿಸಿದ್ದು: ಬಂಡೆಯಂತೆ ನಿಂತೆ ಅಂದೆನಲ್ಲ, ಅದು. ಚಾಕು ಬೆರಳಿಗೆ ತಾಕಿದ್ದೇ ನಾನು ನೆಲಕ್ಕೆ ಬಿದ್ದಿದ್ದೆ. ಆಮೇಲಿನದೆಲ್ಲ ಡಾಕ್ಟರರ ಬಾಯಿಂದ ಕೇಳಿದ್ದು. ನನಗೆ ಎಚ್ಚರಾದಾಗ ಆಕೆ ಎಡಗೈಯಿಂದ ನನಗೆ ಸೆರಗು ಬೀಸುತ್ತ ಕೂತಿದ್ದಳು: "ಅಂಜಬ್ಯಾಡ ತಮ್ಮಾ, ಏನೂ ಆಗಿಲ್ಲ. ಕಣ್ಣು ಮುಚ್ಚು. ಕೆಂಪು ಎಳಿ ತಗೋ..."